ತೂಕ ಇಳಿಯುವ ಮೊದಲೇ ಹಿಮ್ಮಡಿ ನೋವು ಹೋಯಿತು: ನನ್ನ ಅನುಭವ

"ಮೊದಲು ತೂಕ ಇಳಿಸ್ಕೊಳ್ಳಿ, ನೋವು ತಾನಾಗೇ ಹೋಗುತ್ತೆ." ಈ ಮಾತು ನನಗೆ ಹೇಳದವರಿಲ್ಲ. ಮೂಳೆ ಡಾಕ್ಟರು ಹೇಳಿದರು, ಭಾವಮೈದ ಹೇಳಿದ, ಅಂಗಡಿಗೆ ಸಕ್ಕರೆ ಕೊಳ್ಳಲು ಬಂದವರೂ ಹೇಳಿ ಹೋದರು. ತೂಕ ಇಳಿಸಲು ನಡೆಯಬೇಕು, ನಡೆದರೆ ಮಾರನೇ ದಿನ ಹಿಮ್ಮಡಿ ನೆಲಕ್ಕೆ ಇಡಲಾಗದು. ಹಾಗಿದ್ದರೆ ಇಳಿಸುವುದು ಹೇಗೆ ಅಂದರೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ವಿಷಯದಲ್ಲಿ ಆದದ್ದು ಪೂರ್ತಿ ಉಲ್ಟಾ. ನೋವು ಮುಕ್ಕಾಲು ಪಾಲು ಹೋದಾಗ ತೂಕ 112 ಕೆಜಿಯಿಂದ 109ಕ್ಕೋ 110ಕ್ಕೋ ಬಂದಿತ್ತು, ಅಷ್ಟೇ. ಕಾಲು ಸರಿಹೋದ ಮೇಲೆ ದಿನಾ ನಡೆಯಲು ಆಯಿತು, ನಡೆದ ಮೇಲೆ ತೂಕ ಇಳಿಯಿತು. ಈಗ 96ರ ಆಸುಪಾಸಿನಲ್ಲಿದ್ದೇನೆ. ಎತ್ತರ ಐದಡಿ ಆರಂಗುಲ, ವಯಸ್ಸು ಐವತ್ತಕ್ಕೆ ಹತ್ತಿರ, ಊರು ಮೈಸೂರು, ಕೆಲಸ ದಿನಸಿ ಅಂಗಡಿ. ದಿನಕ್ಕೆ ಒಂಬತ್ತು ಹತ್ತು ಗಂಟೆ ನಿಂತೇ ಇರುತ್ತೇನೆ.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ಒಳಮಗ್ಗುಲಲ್ಲಿ ಮೊಳೆ ಹೊಡೆದ ಹಾಗಾಗುತ್ತಲ್ಲ, ಅದು ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರ ಹೆಸರು ಪ್ಲಾಂಟಾರ್ ಫೇಸಿಯೈಟಿಸ್, ಅಂದರೆ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹೋಗುವ ಅಂಗಾಲಿನ ಪಟ್ಟಿಯ ತೊಂದರೆ, ಅಂತ ನಿಮಗೆ ಯಾರಾದರೂ ಆಗಲೇ ಹೇಳಿರುತ್ತಾರೆ. ಜೆಲ್ ಪ್ಯಾಡ್, ಐಸ್, ಮೀನಖಂಡ ಎಳೆಯುವ ವ್ಯಾಯಾಮ ಎಲ್ಲಾ ಮಾಡಿ ನೋಡಿರುತ್ತೀರಿ.

ನಾನೂ ಮಾಡಿದೆ. ಮೊದಲು ಹೋದದ್ದು ಶೂಗೆ. ಮಾಲ್‌ನಲ್ಲಿ ಹುಡುಗ ಕಾಲು ನೋಡದೆ ತೂಕ ನೋಡಿ, ದಪ್ಪ ಸೋಲ್ ಇರುವ ರನ್ನಿಂಗ್ ಶೂ ಕೊಟ್ಟ. ಸುಮಾರು 6,800 ರೂಪಾಯಿ. ಮೆತ್ತಗೇನೋ ಇತ್ತು, ಆದರೆ ಅಗಲ ಸಾಲದು. ತೂಕ ಜಾಸ್ತಿ ಇದ್ದವರಿಗೆ ಪಾದವೂ ಅಗಲವಾಗಿರುತ್ತದೆ, ನಿಂತಾಗ ಇನ್ನೂ ಹರಡುತ್ತದೆ. ಎರಡು ವಾರಕ್ಕೆ ಕಿರುಬೆರಳ ಪಕ್ಕ ಗುಳ್ಳೆ, ಹಿಮ್ಮಡಿ ನೋವು ಮೊದಲಿನಷ್ಟೇ. ಆಮೇಲೆ ಸಿಲಿಕಾನ್ ಹೀಲ್ ಕಪ್ ಎರಡು ಥರದ್ದು ತಂದೆ, ಒಂದು 350, ಇನ್ನೊಂದು 600. ಶೂ ಒಳಗೆ ಕಪ್ ಇಟ್ಟರೆ ಹಿಮ್ಮಡಿ ಮೇಲಕ್ಕೆ ಬಂದು ಜಾರುತ್ತಿತ್ತು. ಕಂಪ್ಯೂಟರಿಗೆ ಜೋಡಿಸಿದ ಹಲಗೆ ಮೇಲೆ ನಿಲ್ಲಿಸಿ ಪಾದದ ಬಣ್ಣಬಣ್ಣದ ಚಿತ್ರ ತೆಗೆದು ಮಾಡಿಕೊಡುವ ಇನ್‌ಸೋಲ್‌ಗೆ 4,500. ಚಿತ್ರ ಚೆನ್ನಾಗಿ ಬಂದಿತ್ತು. ಇನ್‌ಸೋಲ್ ಮಾತ್ರ ಮೂರು ತಿಂಗಳಲ್ಲಿ ಚಪ್ಪಟೆಯಾಯಿತು. ಎಪ್ಪತ್ತು ಕೆಜಿಯವರ ಲೆಕ್ಕದಲ್ಲಿ ಮಾಡಿದ ಸಾಮಾನು ನಮ್ಮಂಥವರಿಗೆ ಬಾಳುವುದಿಲ್ಲ.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಯ ಮುಂದೆ ಮುಳ್ಳು ಬೆಳೆದಿದೆ ಅಂತ ತೋರಿಸಿದರು. ಮನೆಯವರೆಲ್ಲ ಹೆದರಿದರು. ಆ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಇರುತ್ತದೆ. ನನಗೆ ಈಗ ನೋವಿಲ್ಲ, ಮುಳ್ಳು ಎಲ್ಲಿಗೂ ಹೋಗಿಲ್ಲ. ಹಾಗಾಗಿ ಎಕ್ಸ್‌ರೇ ನೋಡಿ ಯಾರೂ ಎದೆಗುಂದಬೇಡಿ.

ಆಮೇಲೆ ಕರೆಂಟು ಕೊಡುವ ಫಿಸಿಯೋಥೆರಪಿ, ಸಿಟ್ಟಿಂಗಿಗೆ 400, ಒಂದು ಹತ್ತು ಸಲ ಹೋಗಿರಬೇಕು. ಮಲಗಿದ್ದಷ್ಟು ಹೊತ್ತು ಹಿತ. ಕೊನೆಗೆ ಸ್ಟೀರಾಯ್ಡ್ ಇಂಜೆಕ್ಷನ್. ಚುಚ್ಚುವಾಗ ಕಣ್ಣಲ್ಲಿ ನೀರು ಬಂತು, ಆದರೆ ಮೂರನೇ ದಿನಕ್ಕೆ ನೋವು ಮಾಯ. ಐದಾರು ವಾರ ರಾಜನ ಹಾಗೆ ಓಡಾಡಿದೆ. ಆಮೇಲೆ ಅದೇ ಜಾಗ, ಅದೇ ನೋವು. ಇನ್ನೊಂದು ಹಾಕೋಣ ಅಂದರು, ನಾನು ಒಪ್ಪಲಿಲ್ಲ. ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆ ಇದರಿಂದ ತೆಳ್ಳಗಾಗಬಹುದು, ಅಂಗಾಲಿನ ಪಟ್ಟಿ ಹರಿಯಲೂಬಹುದು. ನೂರು ಕೆಜಿ ಹೊರುವ ಹಿಮ್ಮಡಿಗೆ ಆ ಮೆತ್ತೆಯೇ ಆಸ್ತಿ. ಅದನ್ನು ಪಣಕ್ಕಿಡಲು ನನಗೆ ಮನಸ್ಸು ಬರಲಿಲ್ಲ. ಎಣ್ಣೆ, ಮಾತ್ರೆ, ಪಟ್ಟು ಎಲ್ಲಾ ಸೇರಿ ಅಷ್ಟು ಹೊತ್ತಿಗೆ ಇಪ್ಪತ್ತು ಸಾವಿರ ದಾಟಿತ್ತು.

ದಾರಿ ಕಂಡದ್ದು ಹುಣಸೂರಿನ ಕಡೆ ಅಣ್ಣನ ತೋಟದಲ್ಲಿ. ಹಬ್ಬಕ್ಕೆ ಹೋದವನು ಮೂರ್ನಾಲ್ಕು ದಿನ ಉಳಿದೆ. ಬದುವಿನ ಮೇಲೆ, ತೆಂಗಿನ ಸಾಲಲ್ಲಿ, ಮೈಸೂರಿನಲ್ಲಿ ನಡೆಯುವುದಕ್ಕಿಂತ ಹೆಚ್ಚೇ ನಡೆದೆ. ಆದರೂ ಬೆಳಿಗ್ಗೆ ಮೊದಲ ಹೆಜ್ಜೆ ಅರ್ಧಕ್ಕರ್ಧ ಹಗುರ. ವಾಪಸ್ ಬಂದು ಅಂಗಡಿ ತೆರೆದ ಮಾರನೇ ದಿನವೇ ಹಳೇ ಕಥೆ. ಅಲ್ಲಿ ಏನಿತ್ತು, ಇಲ್ಲಿ ಏನಿಲ್ಲ ಅಂತ ಯೋಚಿಸಿದರೆ ಎರಡೇ ಕಂಡವು. ತೋಟದಲ್ಲಿ ಕಾಲಿಗೆ ಸದಾ ಚಪ್ಪಲಿ, ಕೆಳಗೆ ಮಣ್ಣು. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಮೇಲೆ ಲಕ್ಷ್ಮಿ ಪಟ ಇರುವುದರಿಂದ ಒಳಗೆ ಚಪ್ಪಲಿ ಹಾಕುವುದಿಲ್ಲ, ಕೆಳಗೆ ಗ್ರಾನೈಟ್. ಮನೆಯಲ್ಲಿ ವಿಟ್ರಿಫೈಡ್ ಟೈಲ್ಸ್, ಅಲ್ಲೂ ಬರಿಗಾಲು. ಅರ್ಧ ಗಂಟೆಯ ವಾಕಿಂಗಿಗೆ ಏಳು ಸಾವಿರದ ಶೂ, ಉಳಿದ ಹತ್ತು ಗಂಟೆ ಬರಿಗಾಲಲ್ಲಿ ಕಲ್ಲಿನ ಮೇಲೆ. ನಾವೆಲ್ಲ ವಾಕಿಂಗನ್ನು ಬೈಯುತ್ತೇವೆ, ನಿಜವಾಗಿ ಕಾಲು ಹಾಳಾಗುವುದು ನಿಲ್ಲುವುದರಿಂದ. ನನ್ನ ಅನುಭವದ ಸಾರ ಇದೇ.

ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ ಎಲ್ಲರಿಗೂ ಗೊತ್ತು. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗಾಗಿ ತಮಿಳುನಾಡಿನ ವೆಲ್ಲೂರು, ಕರಿಗಿರಿ ಕಡೆ ಬಳಕೆಗೆ ತಂದ ಮೆತ್ತನೆ ರಬ್ಬರು ಅದು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಎಂಸಿಆರ್ ನನ್ನ ತೂಕಕ್ಕೆ ಎರಡು ತಿಂಗಳೂ ತಡೆಯಲಿಲ್ಲ, ಹಿಮ್ಮಡಿ ಕೂತ ಜಾಗ ಕಾಗದದಷ್ಟು ತೆಳುವಾಯಿತು. ಬರೀ ಮೆತ್ತಗಿದ್ದರೆ ಸಾಲದು, ಕೆಳಗೆ ಗಟ್ಟಿ ಬೇಕು. ಮಾರ್ಕೆಟ್ ಹತ್ತಿರ ಕೈಯಲ್ಲೇ ಚಪ್ಪಲಿ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಹತ್ತಿರ ಕೂತು, ಕೆಳಗೆ ಗಟ್ಟಿ ಶೀಟು, ಮೇಲೆ ಹತ್ತು ಹನ್ನೆರಡು ಮಿಲಿಮೀಟರಿನ ಎಂಸಿಆರ್, ಹಿಂದೆ ಪಟ್ಟಿ, ಇಷ್ಟು ಹೇಳಿ ಮಾಡಿಸಿದೆ. ಹಿಂದಿನ ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಜಾರದಂತೆ ಬೆರಳು ಮಡಚಿ ಹಿಡಿಯುತ್ತೇವೆ, ಅಂಗಾಲು ಮತ್ತೆ ಬಿಗಿಯುತ್ತದೆ. ಹಿಮ್ಮಡಿಯ ಕೆಳಗೆ ಗಟ್ಟಿ ಶೀಟಿನಲ್ಲಿ ಒಂದು ಚಿಕ್ಕ ಕೆಲಸ ಮಾಡಿಸಿದ್ದೇನೆ, ಅದು ನನಗೂ ಅವರಿಗೂ ಮಾತ್ರ ಗೊತ್ತು. ಆ ಅಳತೆ ಕಂಡುಕೊಳ್ಳಲು ಮೂರು ಜೊತೆ ಕೆಡಿಸಿದ್ದೇವೆ, ಸುಮ್ಮನೆ ಬಿಟ್ಟುಕೊಡಲಾರೆ. ಒಂದು ಜೊತೆಗೆ 900 ರೂಪಾಯಿ ತೆಗೆದುಕೊಂಡರು.

ಮನೆಯೊಳಗೆ ಚಪ್ಪಲಿ ಅಂದಾಗ ಅಮ್ಮ ಎರಡು ದಿನ ಮಾತಾಡಲಿಲ್ಲ. ಬೀದಿಯ ಮುಖವನ್ನೇ ನೋಡದ ಹೊಸ ಜೊತೆ, ಅಡುಗೆಮನೆಗೆ ಓಕೆ, ದೇವರಮನೆ ಹೊಸ್ತಿಲಲ್ಲಿ ಬಿಡುವುದು ಅಂತ ಒಪ್ಪಂದವಾಯಿತು. ಅಂಗಡಿಗೂ ಹಾಗೇ ಬೇರೆ ಜೊತೆ ಇಟ್ಟೆ. ಲಕ್ಷ್ಮಿ ಪಟವನ್ನು ಗಲ್ಲಾದಿಂದ ಎದುರು ಗೋಡೆಯ ಮೇಲೆ ಎತ್ತರಕ್ಕೆ ಹಾಕಿಸಿದೆ. ಈಗ ಅಮ್ಮ ತಾವೇ ಅಂಥದ್ದೇ ಒಂದು ಜೊತೆ ಮಾಡಿಸಿಕೊಂಡು ಮಂಡಿಗೂ ಹಿತವಾಗಿದೆ ಅಂತ ಅಕ್ಕಪಕ್ಕದವರಿಗೆ ಹೇಳುತ್ತಾರೆ.

ಚಪ್ಪಲಿಯಿಂದ ನೋವು ಅರ್ಧ ಹೋಯಿತು. ಉಳಿದರ್ಧ ತೆಗೆದದ್ದು ಹಿಮ್ಮಡಿ ಎತ್ತುವ ವ್ಯಾಯಾಮ. ಇದನ್ನು ಹೇಳಿಕೊಟ್ಟವಳು ಇನ್ನೊಬ್ಬ ಫಿಸಿಯೋ, ಚಿಕ್ಕ ವಯಸ್ಸಿನ ಹುಡುಗಿ, ಯಂತ್ರ ಮುಟ್ಟಲೇ ಇಲ್ಲ. ಮೂರು ಸಲ ಹೋದದ್ದಕ್ಕೆ ಒಟ್ಟು 1,500. ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೂರು ಎಣಿಸುತ್ತಾ ಮೇಲೆ, ಎರಡು ಎಣಿಸುವಷ್ಟು ನಿಲ್ಲು, ಮೂರು ಎಣಿಸುತ್ತಾ ಕೆಳಗೆ. ದಿನ ಬಿಟ್ಟು ದಿನ. ಡೆನ್ಮಾರ್ಕಿನವರು 2014ರಲ್ಲಿ ಪ್ರಕಟಿಸಿದ ವಿಧಾನವಂತೆ. ಮೂರು ತಿಂಗಳ ಹೊತ್ತಿಗೆ ಇದನ್ನು ಮಾಡಿದವರು ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಮುಂದಿದ್ದರು, ವರ್ಷದ ಹೊತ್ತಿಗೆ ಇಬ್ಬರೂ ಸಮ. ನಮಗೆ ಬೇಕಾದದ್ದು ಆ ಮೊದಲ ಮೂರು ತಿಂಗಳೇ, ವಾಕಿಂಗ್ ಬಿಟ್ಟುಬಿಡುವುದು ಆಗಲೇ.

ಒಂಟಿ ಕಾಲಲ್ಲಿ ಎತ್ತಲು ನನಗೆ ಮೊದಲು ಒಂದೂ ಆಗಲಿಲ್ಲ. ನಮ್ಮ ಮೈತೂಕವೇ ಜಿಮ್ಮಿನ ತೂಕ ಅಂತ ತಿಳಿದು, ಎರಡೂ ಕಾಲಲ್ಲಿ, ಆಸರೆಗೆ ಅಕ್ಕಿ ಮೂಟೆ ಹಿಡಿದುಕೊಂಡು ಶುರು ಮಾಡಿದೆ. ತಿಂಗಳ ಮೇಲೆ ಎರಡು ಕಾಲಲ್ಲಿ ಏರಿ ಒಂದು ಕಾಲಲ್ಲಿ ಇಳಿಯುವುದು. ಆಮೇಲೆ ಒಂಟಿ ಕಾಲು, ಎಂಟು ಹತ್ತು ಸಲ. ಈಗ ಬೆನ್ನಿಗೆ ಐದು ಕೆಜಿ ಅಕ್ಕಿ ಹಾಕಿಕೊಂಡು ಮಾಡುತ್ತೇನೆ. ಅಂಗಡಿ ಹುಡುಗ, ಇಪ್ಪತ್ತೆರಡರವನು, ಅರವತ್ತು ಕೆಜಿ ಇಲ್ಲ, ನನ್ನ ಜೊತೆ ಪಂದ್ಯ ಕಟ್ಟಿ ಸೋತ.

ವಾಕಿಂಗ್ ಒಂದು ದಿನವೂ ಪೂರ್ತಿ ನಿಲ್ಲಿಸಲಿಲ್ಲ, ತುಂಡು ಮಾಡಿದೆ. ಅರ್ಧ ಗಂಟೆ ಒಂದೇ ಸಲ ನಡೆಯುವ ಬದಲು ಆರೇಳು ನಿಮಿಷದ ಮೂರು ತುಂಡು: ಬೆಳಿಗ್ಗೆ, ಮಧ್ಯಾಹ್ನ ಅಂಗಡಿ ಮುಚ್ಚಿದಾಗ, ರಾತ್ರಿ ಊಟದ ಮೇಲೆ. ಬೆಳಗಿನದಕ್ಕೆ ಕುಕ್ಕರಹಳ್ಳಿ ಕೆರೆ. ಕುವೆಂಪು ನಡೆದ ಏರಿ ಅದು, ಅಲ್ಲಿ ಕಾಲಿಡುವುದೇ ಮೈಸೂರಿನವರಿಗೆ ಹೆಮ್ಮೆ. ಅದರ ಮಣ್ಣು ನನ್ನ ಕಾಲಿಗೆ ಮಾಡಿದ ಉಪಕಾರ ಬೇರೆಯೇ. ಬಡಾವಣೆಯ ಡಾಂಬರು ರಸ್ತೆ ಅಂಚಿಗೆ ವಾಲಿರುತ್ತದೆ, ಒಂದೇ ಬದಿ ನಡೆದರೆ ಒಂದು ಕಾಲು ಸದಾ ತಗ್ಗಿನಲ್ಲಿ. ಇಂಟರ್‌ಲಾಕ್ ಟೈಲ್ಸ್ ಹಾಕಿದ ಪಾರ್ಕುಗಳೂ ಗ್ರಾನೈಟಿಗಿಂತ ಹೆಚ್ಚು ಕರುಣೆ ತೋರುವುದಿಲ್ಲ. ಮೊದಲ ವಾರಗಳಲ್ಲಿ ಕೆರೆಯ ಗೇಟಿನಿಂದ ಎರಡನೇ ಬೆಂಚಿನವರೆಗೆ ಹೋಗಿ ವಾಪಸ್. ವಾರಕ್ಕೆ ಒಂದೆರಡು ನಿಮಿಷ ಏರಿಸಿದೆ. ಪೂರ್ತಿ ಸುತ್ತು, ನಾಲ್ಕೈದು ಕಿಲೋಮೀಟರು, ಮುಗಿಸಲು ಐದು ತಿಂಗಳು ಹಿಡಿಯಿತು. ಉದ್ದ ಹೆಜ್ಜೆ ಬೇಡ, ಚಿಕ್ಕ ಹೆಜ್ಜೆ ಇಡಿ.

ಏರಿಸಬೇಕೋ ಇಳಿಸಬೇಕೋ ಅನ್ನುವುದನ್ನು ನಡೆಯುವಾಗಿನ ನೋವು ನೋಡಿ ತೀರ್ಮಾನಿಸಲಿಲ್ಲ. ನಡೆಯುವಾಗ ಹತ್ತರಲ್ಲಿ ಮೂರರಷ್ಟು ನೋವಿದ್ದರೆ ಇರಲಿ ಅಂತ ಬಿಟ್ಟೆ. ಮಾರನೇ ಬೆಳಗಿನ ಮೊದಲ ಹತ್ತು ಹೆಜ್ಜೆಯೇ ನ್ಯಾಯಾಧೀಶ. ನಿನ್ನೆಗಿಂತ ಕೆಟ್ಟದಿದ್ದರೆ ಆ ದಿನ ಅರ್ಧ, ಅಷ್ಟೇ ಇದ್ದರೆ ಅಷ್ಟೇ, ಹಗುರ ಇದ್ದರೆ ಸ್ವಲ್ಪ ಹೆಚ್ಚು. ಹಾಸಿಗೆ ಬಿಡುವ ಮುಂಚೆ ಕಾಲಿನ ಹೆಬ್ಬೆರಳನ್ನು ಕೈಯಿಂದ ಹಿಂದಕ್ಕೆಳೆದು ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಇದನ್ನು ಬಿಟ್ಟ ದಿನ ಬಚ್ಚಲಿಗೆ ಹೋಗುವಷ್ಟರಲ್ಲೇ ವ್ಯತ್ಯಾಸ ತಿಳಿಯುತ್ತದೆ.

ನಡುವೆ ಬೇರೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನೀರು ತುಂಬಿ ಫ್ರೀಜರಿನಲ್ಲಿಟ್ಟ ಬಾಟಲಿ ಮೇಲೆ ಅಂಗಾಲು ಉರುಳಿಸಿದರೆ ರಾತ್ರಿ ಹಿತ, ಬೆಳಿಗ್ಗೆಗೆ ಲಾಭವಿಲ್ಲ. ಲಟ್ಟಣಿಗೆ ಅದಕ್ಕಿಂತ ವಾಸಿ, ಆದರೆ ನೋವಿನ ಬಿಂದುವಿನ ಮೇಲೆ ಒತ್ತಬೇಡಿ, ಕಮಾನಿನ ಮೇಲಷ್ಟೇ. ಪಾರ್ಕಿನ ಆಕ್ಯುಪ್ರೆಶರ್ ಕಲ್ಲಿನ ದಾರಿಯಲ್ಲಿ ನಡೆದು ಒಂದು ವಾರ ಕಳೆದುಕೊಂಡೆ. ನೂರು ಕೆಜಿ ಮೇಲಿದ್ದವರು ಅದರ ಹತ್ತಿರ ಸುಳಿಯಬಾರದು. ಟೇಪ್ ಸುತ್ತಿಕೊಳ್ಳುವುದು ನಿಜಕ್ಕೂ ಕೆಲಸ ಮಾಡಿತು, ಬೇಸಿಗೆಯಲ್ಲಿ ಚರ್ಮ ಕೆಂಪಾಗಿ ಕೆರೆತ ಬಂತು. ಮದುವೆಯಂಥ ನಿಲ್ಲಲೇಬೇಕಾದ ದಿನಕ್ಕೆ ಮಾತ್ರ ಈಗಲೂ ಹಾಕುತ್ತೇನೆ. ವಿಟಮಿನ್ ಡಿ ತೀರಾ ಕಡಿಮೆ ಬಂದಿತ್ತು, ವಾರಕ್ಕೊಂದು 60,000 ಯೂನಿಟ್ಟಿನ ಪೊಟ್ಟಣ ಡಾಕ್ಟರು ಹೇಳಿದಷ್ಟು ದಿನ ಕುಡಿದೆ. ಮೈಗೆ ಒಳ್ಳೆಯದಾಗಿರಬಹುದು, ಹಿಮ್ಮಡಿಗೆ ಏನೂ ಗೊತ್ತಾಗಲಿಲ್ಲ.

ಎಲ್ಲಾ ಸರಿಹೋಯಿತು ಅನ್ನುವಾಗ ದಸರಾ ಬಂತು. ಜಂಬೂಸವಾರಿ ನೋಡಲು ಬನ್ನಿಮಂಟಪದ ದಾರಿಯಲ್ಲಿ ಮೂರ್ನಾಲ್ಕು ಗಂಟೆ ನಿಂತೆವು. ನಡೆದದ್ದು ಒಂದು ಕಿಲೋಮೀಟರೂ ಇರಲಿಕ್ಕಿಲ್ಲ. ಮಾರನೇ ದಿನ ನೋವು ಆರು ತಿಂಗಳ ಹಿಂದಿನ ಹಾಗೆ. "ನಾವು ಹೇಳಿರಲಿಲ್ವಾ" ಅಂದವರು ಬಹಳ. ನಾನು ವಾಕಿಂಗ್ ಅರ್ಧ ಮಾಡಿ, ವ್ಯಾಯಾಮ ಹಾಗೇ ಇಟ್ಟು, ಅಂಗಡಿಯಲ್ಲಿ ಎತ್ತರದ ಸ್ಟೂಲ್ ತಂದು ಗಂಟೆಗೆ ಹತ್ತು ನಿಮಿಷ ಕೂತೆ. ಹತ್ತು ದಿನದೊಳಗೆ ಮತ್ತೆ ಏರಿಯ ಮೇಲಿದ್ದೆ. ಆ ಸ್ಟೂಲ್ ಈಗ ಖಾಯಂ.

ಒಂದು ಎಚ್ಚರಿಕೆ ಹೇಳಲೇಬೇಕು. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಿದ್ದರೆ, ನಿದ್ದೆಯಲ್ಲೂ ನೋವಿದ್ದರೆ, ಊತ ಬಂದು ಬಿಸಿಯಾಗಿದ್ದರೆ, ಎರಡು ಬದಿಯಿಂದ ಹಿಮ್ಮಡಿ ಹಿಸುಕಿದಾಗ ಜೀವ ಹೋಗುವಂತಿದ್ದರೆ ನನ್ನ ದಾರಿ ನಿಮ್ಮದಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಶೂ ವಿಷಯಕ್ಕೆ ಬಂದರೆ, ಈಗ ಹಾಕುವುದು ಅಗಲದ ಅಳತೆಯಲ್ಲಿ ಸಿಗುವ ಸಾಧಾರಣ ಜೋಡು, ಸುಮಾರು 3,200. ಸಂಜೆ ಹೋಗಿ ಕೊಳ್ಳಿ, ಪಾದ ಆಗ ಸ್ವಲ್ಪ ಊದಿರುತ್ತದೆ. ನಡುವಿನಲ್ಲಿ ಮಡಚಿ ನೋಡಿ, ಬೆರಳ ಬುಡದಲ್ಲಿ ಮಾತ್ರ ಬಾಗಬೇಕು. ದಾರ ಕಟ್ಟುವುದರಲ್ಲೂ ಒಂದು ಉಪಾಯ ಇದೆ, ಅದನ್ನು ಏರಿಯ ಮೇಲೆ ಸಿಕ್ಕವರಿಗೆ ಕಟ್ಟಿಯೇ ತೋರಿಸುತ್ತೇನೆ, ಬರೆದರೆ ತಿಳಿಯುವುದಿಲ್ಲ. ನಮ್ಮ ತೂಕಕ್ಕೆ ಯಾವ ಶೂ ಆದರೂ ಐದಾರು ತಿಂಗಳು, ಹೇಳಿ ಮಾಡಿಸಿದ ಎಂಸಿಆರ್ ಎಂಟು ತಿಂಗಳು. ಮೇಲೆ ಎಷ್ಟೇ ಹೊಸದಾಗಿ ಕಂಡರೂ ತಿಂಗಳಿಗೊಮ್ಮೆ ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದ್ದು ವಾಪಸ್ ಏಳದಿದ್ದರೆ ಅವತ್ತೇ ಬದಲಾಯಿಸಿ, ಇನ್ನೊಂದು ವಾರ ನೋಡೋಣ ಅನ್ನಬೇಡಿ.