ಕಾಳಿ ನದಿಯ ಅಳಿವೆಯಲ್ಲಿ ಉಪ್ಪಿನಂಶ ಅಳೆಯುವ ಕ್ರಮ

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಅಳಿವೆಯ ಉಪ್ಪಿನಂಶವು ಉಬ್ಬರ ಇಳಿತಗಳೊಂದಿಗೆ ಬದಲಾಗುವುದರಿಂದ, ಮಾದರಿ ತೆಗೆದ ಸ್ಥಳ, ಆಳ ಮತ್ತು ಸಮಯವನ್ನು ಸೀಸೆಯ ಮೇಲೆ ಅಲ್ಲಿಯೇ ಬರೆಯಬೇಕು. ಈ ವಿವರಗಳಿಲ್ಲದ ಅಂಕಿಗೆ ನನ್ನ ದೃಷ್ಟಿಯಲ್ಲಿ ಬೆಲೆಯಿಲ್ಲ. ಉಪ್ಪುನೀರಿನ ಸಾಂದ್ರತೆ ಹೆಚ್ಚಾದ್ದರಿಂದ ಅದು ತಳದಲ್ಲಿ ನುಗ್ಗುತ್ತದೆ. ಆದ್ದರಿಂದ ತಳದ ನೀರನ್ನೂ ಸಂಗ್ರಹಿಸಬೇಕು.

ಪ್ರಯೋಗಾಲಯದಲ್ಲಿ, ಬಟ್ಟಿ ಇಳಿಸಿದ ನೀರು ಸೇರಿಸಿ ಹತ್ತು ಪಟ್ಟು ತೆಳುಗೊಳಿಸಿದ ಮಾದರಿಗೆ ಕೆಲವು ಹನಿ ಪೊಟ್ಯಾಸಿಯಂ ಕ್ರೋಮೇಟ್ ಬೆರೆಸಿ, ಬ್ಯುರೆಟ್ಟಿನಿಂದ (ಅಳತೆಗೆರೆಗಳುಳ್ಳ ಗಾಜಿನ ಕೊಳವೆಯಿಂದ) ಸಿಲ್ವರ್ ನೈಟ್ರೇಟ್ ದ್ರಾವಣವನ್ನು ನಿಧಾನವಾಗಿ ಬಿಡಬೇಕು. ಮೊದಲು ಬಿಳಿಯ ಸಿಲ್ವರ್ ಕ್ಲೋರೈಡ್ ಉಂಟಾಗುತ್ತದೆ. ಕಲಕಿದರೂ ಮಾಸದ ಇಟ್ಟಿಗೆಗೆಂಪು ಛಾಯೆ ಕಂಡೊಡನೆ ನಿಲ್ಲಿಸಿ ಅಳತೆ ಓದಬೇಕು. ಆ ಅಳತೆಯಿಂದ ಕಂಡುಕೊಂಡು ಒಂದು ಕಿಲೋಗ್ರಾಂ ನೀರಿನ ಲೆಕ್ಕಕ್ಕೆ ತಂದ ಕ್ಲೋರಿನಿಟಿಯನ್ನು (ಸ್ಥೂಲವಾಗಿ, ನೀರಿನಲ್ಲಿರುವ ಕ್ಲೋರೈಡಿನ ಗ್ರಾಂ ಪ್ರಮಾಣವನ್ನು) 1.80655ರಿಂದ ಗುಣಿಸಿದರೆ ಉಪ್ಪಿನಂಶ ದೊರೆಯುತ್ತದೆ. ಮಳೆಗಾಲದಲ್ಲಿ ನೀರು ಬಹುತೇಕ ಸಿಹಿಯಾದಾಗ ಈ ಗುಣಕವನ್ನು ಬಳಸಬಾರದು. ಕ್ರೋಮೇಟ್ ವಿಷಕಾರಿ, ಅದನ್ನು ಚರಂಡಿಗೆ ಸುರಿಯದೆ ಪ್ರತ್ಯೇಕ ಡಬ್ಬಿಯಲ್ಲಿ ಕೂಡಿಡಬೇಕು.