ಮಾಳಿಗೆ ಮೇಲೆ ನಿಂತು ಊರಿನ ರೇಖಾಂಶ ಅಳೆಯುವುದು ಹೇಗೆ

ಧಾರವಾಡದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಈಗ ಮಾಳಮಡ್ಡಿಯ ನಮ್ಮ ಮನೆ ಮಾಳಿಗೆ ಮೇಲೆ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಪ್ರತಿ ವರ್ಷ ಒಂದು ಪ್ರಯೋಗ ಮಾಡುತ್ತೇನೆ. ಜಿಪಿಎಸ್ ಕೇಳದೆ, ನಕ್ಷೆ ತೆಗೆಯದೆ, ನಮ್ಮ ಊರು ಭೂಮಿಯ ಮೇಲೆ ಎಷ್ಟು ಪೂರ್ವಕ್ಕಿದೆ ಎಂದು ನಾವೇ ಅಳೆಯುವುದು. 1680ರ ಸುಮಾರಿಗೆ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಖಗೋಳಜ್ಞರು ಅಳೆದದ್ದು ಇದೇ ದಾರಿಯಲ್ಲಿ. ನೀವೂ ಮಾಡಿ. ಬೇಕಾದದ್ದು ಸಣ್ಣ ದೂರದರ್ಶಕ, ಒಂದು ಗಡಿಯಾರ, ಒಂದು ಕೋಲು.

ಮೊದಲು ಲೆಕ್ಕದ ತಿರುಳು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ 4 ನಿಮಿಷಕ್ಕೆ ಒಂದು ಡಿಗ್ರಿ. ಎರಡು ಊರುಗಳ ಸೂರ್ಯನ ಸಮಯದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಗೊತ್ತಾದರೆ ರೇಖಾಂಶದ ವ್ಯತ್ಯಾಸ ಗೊತ್ತಾದಂತೆ. ತೊಡಕು ಒಂದೇ: ನನಗೆ ಇಲ್ಲಿ ರಾತ್ರಿ ಎಂಟು ಗಂಟೆಯಾದಾಗ ಅಲ್ಲಿ ಎಷ್ಟು ಗಂಟೆ ಎಂದು ತಿಳಿಯುವುದು ಹೇಗೆ? ಎರಡೂ ಊರಿಗೆ ಒಂದೇ ಕ್ಷಣದಲ್ಲಿ ಕಾಣುವ ಗಂಟೆಯೊಂದು ಆಕಾಶದಲ್ಲಿ ಬಾರಿಸಬೇಕು. ಆ ಗಂಟೆ ಗುರುವಿನ ಉಪಗ್ರಹ ಅಯೋ. 42 ಗಂಟೆ 28 ನಿಮಿಷಕ್ಕೊಮ್ಮೆ ಅದು ಗುರುವಿನ ನೆರಳಿನೊಳಗೆ ಹೋಗುತ್ತದೆ, ಹೊರಗೆ ಬರುತ್ತದೆ.

1610ರಲ್ಲಿ ಈ ಉಪಗ್ರಹಗಳನ್ನು ಕಂಡ ಗೆಲಿಲಿಯೋಗೇ ಇವುಗಳನ್ನು ಗಡಿಯಾರ ಮಾಡಿಕೊಳ್ಳುವ ಯೋಚನೆ ಬಂದಿತ್ತು. ಅವು ಯಾವಾಗ ನೆರಳಿಗೆ ಹೋಗುತ್ತವೆ ಎಂದು ಮೊದಲೇ ಹೇಳುವ, ಕೈಗೆ ಸಿಗುವಂಥ ಕೋಷ್ಟಕ ಬಂದದ್ದು 1668ರಲ್ಲಿ, ಇಟಲಿಯ ಬೊಲೊನ್ಯದಲ್ಲಿದ್ದ ಖಗೋಳಜ್ಞ ಕ್ಯಾಸಿನಿಯಿಂದ. ಮರುವರ್ಷವೇ ಲೂಯಿ ಅವನನ್ನು ಪ್ಯಾರಿಸ್ಸಿಗೆ ಕರೆಸಿಕೊಂಡ. ಅಲ್ಲಿ 1667ರಿಂದಲೇ ವೀಕ್ಷಣಾಲಯದ ಕಟ್ಟಡ ಏಳುತ್ತಿತ್ತು. ಮಂತ್ರಿ ಕೋಲ್ಬೆರ್‌ಗೆ ರಾಜ್ಯದ ನಿಜವಾದ ನಕ್ಷೆ ಬೇಕಿತ್ತು. ನಾವು ಇವತ್ತು ಸೊನ್ನೆಯೆಂದು ಎಣಿಸುವ ಗ್ರೀನಿಚ್ ವೀಕ್ಷಣಾಲಯ ಇದೆಯಲ್ಲ, ಅದನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್ 1675ರಲ್ಲಿ ಸ್ಥಾಪಿಸಿದ್ದೂ ಇದೇ ರೇಖಾಂಶದ ಸಲುವಾಗಿ.

ಈಗ ಕೆಲಸ. ಹಗಲಿನದೇ ಕಷ್ಟದ ಭಾಗ, ರಾತ್ರಿಯದಲ್ಲ. ನಿಮ್ಮ ಊರಿನ ಸ್ವಂತ ಸಮಯವನ್ನು ಸೂರ್ಯನಿಂದ ತೆಗೆಯಬೇಕು. ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಲೇಬೇಡಿ. ನಾನು ಗೋಡೆ ಗಡಿಯಾರದ ಮುಳ್ಳನ್ನು ಬೇಕಂತಲೇ ತಿರುಗಿಸಿ ಇಡುತ್ತೇನೆ, ಮಕ್ಕಳು ಫೋನು ನೋಡಿ ಉತ್ತರ ಹೇಳಬಾರದು. ಗಡಿಯಾರ ಹಿಂದೆಯಿರಲಿ ಮುಂದೆಯಿರಲಿ, ಒಂದೇ ಸಮ ಓಡಿದರೆ ಸಾಕು. ಪ್ಯಾರಿಸ್ಸಿನವರಿಗೆ ಈ ಭಾಗ್ಯ ಒದಗಿದ್ದು ಹೈಗನ್ಸ್‌ನ ಲೋಲಕದ ಗಡಿಯಾರದಿಂದ.

ಮಾಳಿಗೆಯ ಸಮತಟ್ಟಾದ ಜಾಗದಲ್ಲಿ 50 ಸೆಂಟಿಮೀಟರಿನ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ಗೌಂಡಿಗಳು ಗೋಡೆಗೆ ಇಳಿಬಿಡುವ ತೂಗುಗುಂಡಿನಿಂದ ನೋಡಿ, ಕಣ್ಣಂದಾಜು ಬೇಡ. ಕೋಲಿನ ಬುಡವನ್ನು ಕೇಂದ್ರ ಮಾಡಿ 50, 60, 70 ಸೆಂಟಿಮೀಟರಿನ ಮೂರು ವೃತ್ತ ಎಳೆಯಿರಿ. ನಮ್ಮ ಹಳೆಯ ಜ್ಯೋತಿಷ ಗ್ರಂಥಗಳು ಶಂಕು ಎನ್ನುವುದು ಇದನ್ನೇ. ಬೆಳಿಗ್ಗೆ ನೆರಳು ಕುಗ್ಗುತ್ತಾ ಅದರ ತುದಿ ಒಂದೊಂದೇ ವೃತ್ತವನ್ನು ದಾಟುವಾಗ ಗಡಿಯಾರದ ಗಂಟೆ, ನಿಮಿಷ, ಸೆಕೆಂಡು ಬರೆದುಕೊಳ್ಳಿ. ಮಧ್ಯಾಹ್ನದ ಮೇಲೆ ನೆರಳು ಬೆಳೆಯುತ್ತಾ ಅದೇ ವೃತ್ತಗಳನ್ನು ಮುಟ್ಟಿದಾಗ ಮತ್ತೆ ಬರೆಯಿರಿ. ಒಂದೊಂದು ವೃತ್ತದ ಎರಡು ಸಮಯಗಳ ನಡುಬಿಂದುವೇ ಸೂರ್ಯ ನೆತ್ತಿ ದಾಟಿದ ಗಳಿಗೆ. ನೆರಳಿನ ತುದಿ ಮಸುಕಾಗಿರುತ್ತದೆ, ಅಲ್ಲೇ ಎಲ್ಲರೂ ಸೋಲುವುದು. ಅದಕ್ಕೆ ಕೋಲಿನ ತಲೆಗೆ ಸಣ್ಣ ತೂತಿನ ರಟ್ಟು ಅಂಟಿಸಿ. ನೆರಳಿನ ನಡುವೆ ಬೀಳುವ ಬೆಳಕಿನ ಚುಕ್ಕೆಯನ್ನು ಹಿಡಿಯುವುದು ಸುಲಭ.

ಡಿಸೆಂಬರ್ ಕೊನೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ಸೂರ್ಯನ ಉತ್ತರ-ದಕ್ಷಿಣದ ಸರಿದಾಟ ಆಗ ನಿಂತಂತೆಯೇ ಇರುತ್ತದೆ, ಬೆಳಗಿನ ದಾರಿ ಮತ್ತು ಸಂಜೆಯ ದಾರಿ ಒಂದೇ. ಇನ್ನೊಂದು ಅನುಕೂಲವೂ ಇದೆ. ಸೂರ್ಯ ಒಂದೇ ಸಮ ನಡೆಯುವ ಗಡಿಯಾರವಲ್ಲ. ನವೆಂಬರ್ ಮೊದಲಲ್ಲಿ 16 ನಿಮಿಷ ಮುಂದೆ, ಫೆಬ್ರವರಿ ನಡುವೆ 14 ನಿಮಿಷ ಹಿಂದೆ ಇರುತ್ತಾನೆ. ಉಳಿದ ದಿನಗಳಲ್ಲಿ ಪಂಚಾಂಗದಿಂದ ಈ ತಿದ್ದುಪಡಿ ತೆಗೆದು ಸೇರಿಸಬೇಕು. ಡಿಸೆಂಬರ್ 25ರ ಆಸುಪಾಸು ಅದು ಸೊನ್ನೆ. ಆವತ್ತು ನಮ್ಮ 60ರ ವೃತ್ತದಲ್ಲಿ ಬೆಳಿಗ್ಗೆ 9 ಗಂಟೆ 59 ನಿಮಿಷ 20 ಸೆಕೆಂಡು, ಮಧ್ಯಾಹ್ನ 2 ಗಂಟೆ 15 ನಿಮಿಷ 20 ಸೆಕೆಂಡು ಬಂತೆನ್ನಿ. ನಡುವೆ 12 ಗಂಟೆ 7 ನಿಮಿಷ 20 ಸೆಕೆಂಡು. ಅಂದರೆ ಗಡಿಯಾರ 7 ನಿಮಿಷ 20 ಸೆಕೆಂಡು ಮುಂದಿದೆ. ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ.

ರಾತ್ರಿ ದೂರದರ್ಶಕ. 70-80 ಮಿಲಿಮೀಟರ್ ಬಾಯಿ, 60ರಿಂದ 100 ಪಟ್ಟು ವರ್ಧನೆ ಸಾಕು. ಕಾಲುಗಟ್ಟು ಮಾತ್ರ ಅಲುಗಬಾರದು. ಅಯೋ ನೆರಳಿಗೆ ಹೋಗುವ ಅಥವಾ ಹೊರಬರುವ ಗ್ರೀನಿಚ್ ಸಮಯವನ್ನು ಖಗೋಳ ಪಂಚಾಂಗದಿಂದಲೋ ಸ್ಟೆಲೇರಿಯಂ ತಂತ್ರಾಂಶದಿಂದಲೋ ತೆಗೆದಿಟ್ಟುಕೊಳ್ಳಿ. ಗುರು ಸೂರ್ಯನಿಗೆ ಎದುರಾಗಿ ನಿಲ್ಲುವ ದಿನಕ್ಕೆ (ಸೂರ್ಯ ಮುಳುಗುವಾಗ ಗುರು ಹುಟ್ಟುವ ದಿನ) ಮುಂಚೆ ನಮಗೆ ಕಾಣುವುದು ಅಯೋ ನೆರಳಿಗೆ ಹೋಗುವುದಷ್ಟೇ, ಗುರುವಿನ ಪಶ್ಚಿಮಕ್ಕೆ. ಆ ದಿನ ಕಳೆದ ಮೇಲೆ ಕಾಣುವುದು ಹೊರಬರುವುದು ಮಾತ್ರ, ಪೂರ್ವಕ್ಕೆ. ಅದು ಗುರುವಿನ ಅಂಚಿನಿಂದ ಬರುವುದಿಲ್ಲ. ಅಂಚಿನಿಂದಾಚೆ, ಏನೂ ಇಲ್ಲದ ಕತ್ತಲಲ್ಲಿ ಮೆಲ್ಲಗೆ ಹುಟ್ಟುತ್ತದೆ. ಪೂರ್ತಿ ಬೆಳಗಲು ಮೂರೂವರೆ ನಿಮಿಷ ಬೇಕು. ನೀವು ಕೂಗಬೇಕಾದದ್ದು ಮೊದಲ ಮಿಣುಕಿಗೆ. ಒಬ್ಬರು ಕಣ್ಣಿಟ್ಟಿರಲಿ, ಇನ್ನೊಬ್ಬರು ಗಡಿಯಾರದ ಮುಂದೆ ಸೆಕೆಂಡು ಎಣಿಸುತ್ತಿರಲಿ. ಹತ್ತು ನಿಮಿಷ ಮುಂಚಿನಿಂದಲೇ ಬೆಳಕು ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ.

ಲೆಕ್ಕ ಹೀಗೆ. ಮೊದಲ ಮಿಣುಕು ಕಂಡಾಗ ಗಡಿಯಾರದಲ್ಲಿ ರಾತ್ರಿ 8 ಗಂಟೆ 49 ನಿಮಿಷ 4 ಸೆಕೆಂಡು. ಮುಂದಿರುವ 7 ನಿಮಿಷ 20 ಸೆಕೆಂಡು ಕಳೆಯಿರಿ: 8 ಗಂಟೆ 41 ನಿಮಿಷ 44 ಸೆಕೆಂಡು, ಇದು ನಮ್ಮೂರ ಸಮಯ. ಪಂಚಾಂಗದ ಪ್ರಕಾರ ಆಗ ಗ್ರೀನಿಚ್‌ನಲ್ಲಿ ಮಧ್ಯಾಹ್ನ 3 ಗಂಟೆ 40 ನಿಮಿಷ. ವ್ಯತ್ಯಾಸ 5 ಗಂಟೆ 1 ನಿಮಿಷ 44 ಸೆಕೆಂಡು. ಗಂಟೆಗೆ 15ರಂತೆ ಗುಣಿಸಿದರೆ 75 ಡಿಗ್ರಿ 26 ಮಿನಿಟು (ಒಂದು ಡಿಗ್ರಿಗೆ 60 ಮಿನಿಟು).

ಆರನೇ ಇಯತ್ತೆಯ ಹುಡುಗಿ ಆಗ ನಕ್ಷೆ ಬಿಚ್ಚಿ ಕೂಗಿದಳು: "ಅಕ್ಕೋರ, ನಾವು ಅಣ್ಣಿಗೇರ್ಯಾಗ ಅದೀವ್ರಿ!"

ನಿಜವಾಗಿ ಧಾರವಾಡ ಇರುವುದು 75 ಡಿಗ್ರಿಯ ಮೇಲೆಯೇ; ಗ್ರೀನಿಚ್‌ಗಿಂತ ನಮ್ಮ ಸಮಯ ಸರಿಯಾಗಿ ಐದು ಗಂಟೆ ಮುಂದೆ. ಒಂದೂ ಮುಕ್ಕಾಲು ನಿಮಿಷ ತಡವಾಗಿ ನೋಡಿದ್ದಕ್ಕೆ ನಾವು 45 ಕಿಲೋಮೀಟರ್ ಪೂರ್ವಕ್ಕೆ ಹೋಗಿಬಿಟ್ಟಿದ್ದೆವು. ನಾನು ಅವಳ ಬೆನ್ನು ತಟ್ಟಿದೆ. ಊರು ತಪ್ಪಿದ್ದರೂ ಜಿಲ್ಲೆ ತಪ್ಪಿರಲಿಲ್ಲ, ಅದೂ ಒಂದು ಕೋಲು ಮತ್ತು 70 ಮಿಲಿಮೀಟರ್ ಗಾಜಿನಿಂದ.

ಈ ತಪ್ಪನ್ನು ತಗ್ಗಿಸುವ ಉಪಾಯ ಹೇಳುತ್ತೇನೆ. ಅಯೋ ಮರೆಯಾಗುವಾಗ ಕೊನೆಯ ಮಿಣುಕು ಲೆಕ್ಕದ ಸಮಯಕ್ಕಿಂತ ತುಸು ತಡವಾಗಿ ಬರುತ್ತದೆ. ಹೊರಬರುವಾಗ, ಕಣ್ಣು ಚುರುಕಾಗಿದ್ದರೆ, ಮೊದಲ ಮಿಣುಕು ತುಸು ಬೇಗ. ಎದುರು ನಿಲ್ಲುವ ದಿನಕ್ಕೆ ಮುಂಚೆ ಒಂದಿಷ್ಟು, ಆಮೇಲೆ ಒಂದಿಷ್ಟು ತೆಗೆದು ಸರಾಸರಿ ಮಾಡಿದರೆ ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ದೂರದರ್ಶಕ ಮಾತ್ರ ಬದಲಿಸಬೇಡಿ.

ಆ ಕಾಲದವರಿಗೆ ಕೋಷ್ಟಕವೇ ಕೈಕೊಡುತ್ತಿತ್ತು. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಅಯೋ ತಡವಾಗುತ್ತಲೇ ಹೋಗುತ್ತಿತ್ತು. ಪ್ಯಾರಿಸ್ಸಿನಲ್ಲಿದ್ದ ಡೆನ್ಮಾರ್ಕಿನ ರೋಮರ್, 1676ರ ನವೆಂಬರ್ 9ರಂದು ಅಯೋ ಹತ್ತು ನಿಮಿಷ ತಡ ಮಾಡುತ್ತದೆ ಎಂದು ಮೊದಲೇ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಹೇಳಿದ, ಹಾಗೆಯೇ ಆಯಿತು. ತಡ ಮಾಡಿದ್ದು ಅಯೋ ಅಲ್ಲ, ದಾರಿಯಲ್ಲಿದ್ದ ಬೆಳಕು. ಭೂಕಕ್ಷೆಯನ್ನು ಅಡ್ಡ ಹಾಯಲು ಬೆಳಕಿಗೆ 22 ನಿಮಿಷ ಬೇಕೆಂದು ಅವನು ಲೆಕ್ಕ ಹಾಕಿದ. ನಿಜ ಸಂಖ್ಯೆ ಹದಿನಾರೂವರೆ ನಿಮಿಷದ ಮೇಲೆ ತುಸು. ಹತ್ತು ನಿಮಿಷದ ತಪ್ಪೆಂದರೆ ಎರಡೂವರೆ ಡಿಗ್ರಿ, ಧಾರವಾಡ ಹೋಗಿ ಬೆಂಗಳೂರಿನ ರೇಖಾಂಶ ಬರುತ್ತದೆ. ಇಂದಿನ ಪಂಚಾಂಗಗಳಲ್ಲಿ ಈ ತಡ ಸೇರಿಯೇ ಇರುತ್ತದೆ, ನೀವು ಮತ್ತೆ ಸೇರಿಸಬೇಡಿ.

ಕೋಷ್ಟಕದ ಹಂಗು ಬೇಡವೆಂದರೆ ಅವರು ಕಂಡುಕೊಂಡ ದಾರಿಯೇ ಉತ್ತಮ: ಅಯೋದ ಒಂದೇ ಗ್ರಹಣವನ್ನು, ಅಂದರೆ ಅದು ನೆರಳಿಗೆ ಹೋಗಿ ಬರುವುದನ್ನು, ಎರಡು ಊರಲ್ಲಿ ನೋಡಿ, ಆಮೇಲೆ ಕಾಗದದ ಮೇಲೆ ಹೋಲಿಸುವುದು. ಕ್ಯಾಸಿನಿ ಪ್ಯಾರಿಸ್ಸಿನಲ್ಲಿ, ಖಗೋಳಜ್ಞರಾದ ಪಿಕಾರ್ ಮತ್ತು ಲಾ ಇರ್ ಕರಾವಳಿಯ ಊರುಗಳಲ್ಲಿ. ಆ ನಕ್ಷೆಯಲ್ಲಿ ಫ್ರಾನ್ಸಿನ ಪಶ್ಚಿಮ ತೀರ ಒಳಕ್ಕೆ ಸರಿಯಿತು. ಶತ್ರುಗಳಿಗಿಂತ ಹೆಚ್ಚು ನೆಲ ಖಗೋಳಜ್ಞರಿಂದ ಕಳೆದುಕೊಂಡೆ ಎಂದು ದೊರೆ ಅಂದನಂತೆ. ಮಾತು ಅವನದೋ ಅಲ್ಲವೋ, ನಕ್ಷೆಯನ್ನು ಅವನು ತಡೆಯಲಿಲ್ಲ, ಅದಕ್ಕಾಗಿ ಅವನ ಮೇಲೆ ನನಗೆ ಗೌರವ. 1685ರಲ್ಲಿ ಅವನು ಸಿಯಾಮಿಗೆ (ಇಂದಿನ ಥಾಯ್ಲೆಂಡ್) ಕಳಿಸಿದ ಜೆಸ್ಯೂಟ್ ಪಾದ್ರಿಗಳು ದಾರಿಯಲ್ಲಿ ಕೇಪ್ ಟೌನಿನ ಡಚ್ ಕಂಪನಿ ತೋಟದಲ್ಲಿ ದೂರದರ್ಶಕ ಹೂಡಿ ಇದೇ ಅಯೋವನ್ನು ನೋಡಿದರು. ಅವರ ಬಳಗದ ರಿಷೋ ಎಂಬಾತ 1689ರಲ್ಲಿ ನಮ್ಮ ಪುದುಚೇರಿಯಿಂದ ಧೂಮಕೇತು ನೋಡುತ್ತಾ, ಆಲ್ಫಾ ಸೆಂಟಾರಿ ಒಂದಲ್ಲ, ಜೋಡಿ ನಕ್ಷತ್ರ ಎಂದು ಕಂಡ.

ನನ್ನ ತಂಗಿ ಕೋಲಾರದಲ್ಲಿದ್ದಾಳೆ. ಹೋದ ಸಲ ಅವಳಿಗೂ ಕೋಲು ನೆಡಿಸಿದೆ. ಒಂದೇ ರಾತ್ರಿ, ಒಂದೇ ಮಿಣುಕು, ಇಬ್ಬರ ಗಡಿಯಾರಗಳನ್ನೂ ತಿದ್ದಿದ ಮೇಲೆ ಅವಳದು ನನ್ನದಕ್ಕಿಂತ 12 ನಿಮಿಷ 10 ಸೆಕೆಂಡು ಮುಂದೆ ಬಂತು. ಇರಬೇಕಾದದ್ದು ಹನ್ನೆರಡೂವರೆ ನಿಮಿಷ. ಇಪ್ಪತ್ತು ಸೆಕೆಂಡಿನ ತಪ್ಪು, ಒಂಬತ್ತು ಕಿಲೋಮೀಟರ್. "ಅಕ್ಕಾ, ನನ್ನ ಕೋಲು ಸ್ವಲ್ಪ ವಾಲಿತ್ತೇನೋ" ಎಂದಳು ಫೋನಿನಲ್ಲಿ. ಈ ಡಿಸೆಂಬರಿಗೆ ಅವಳಿಗೊಂದು ತೂಗುಗುಂಡು ಕಳಿಸುತ್ತಿದ್ದೇನೆ.