ಹೊಸಬರಿಗೆ ಮಾರ್ಗದರ್ಶಿ: ಒಟ್ಟಾವ ನದಿಯ ಎರಡು ದಡ, ಎರಡು ಭಾಷಾ ಕಾನೂನು

ಹೊಸದಾಗಿ ಬಂದ ಕುಟುಂಬಗಳು ಸಂಘದ ಹಿರಿಯರನ್ನು ಮೊದಲು ಕೇಳುವುದು ಬಾಡಿಗೆಯ ವಿಚಾರ. ಒಟ್ಟಾವದಲ್ಲಿ ಕೊಡಬೇಕಾದ ಬಾಡಿಗೆಗೆ ನದಿಯಾಚೆಯ ಗಾಟಿನೋದಲ್ಲಿ ಹಲವೊಮ್ಮೆ ಇನ್ನೂ ದೊಡ್ಡ ಮನೆ ಸಿಗುತ್ತದೆ, ಸೇತುವೆ ದಾಟಿದರೆ ಪಾರ್ಲಿಮೆಂಟ್ ಗುಡ್ಡ ಕಣ್ಣೆದುರಿಗೇ ಇರುತ್ತದೆ. ಆದರೆ ಆ ಸೇತುವೆಯ ನಡುವೆ ಆಂಟೇರಿಯೊ ಮುಗಿದು ಕ್ವಿಬೆಕ್ ಆರಂಭವಾಗುತ್ತದೆಂಬುದನ್ನೂ, ಅದರೊಂದಿಗೆ ನಿಮ್ಮ ಮಕ್ಕಳು ಯಾವ ಭಾಷೆಯಲ್ಲಿ ಓದಬೇಕೆಂಬ ಕಾನೂನೇ ಬದಲಾಗುತ್ತದೆಂಬುದನ್ನೂ ಕರಾರಿಗೆ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಕೆನಡಾ ಒಟ್ಟಾರೆಯಾಗಿ ದ್ವಿಭಾಷಾ ದೇಶವೆಂದು ನಾವು ಓದಿಕೊಂಡು ಬಂದಿರುತ್ತೇವೆ. 1969ರ ಅಧಿಕೃತ ಭಾಷೆಗಳ ಕಾಯ್ದೆ ಇಂಗ್ಲಿಷ್ ಮತ್ತು ಫ್ರೆಂಚ್ ಎರಡಕ್ಕೂ ಸಮಾನ ಸ್ಥಾನ ಕೊಟ್ಟಿದ್ದು ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಮಾತ್ರ. ಪ್ರಾಂತ್ಯಗಳ ಪೈಕಿ ಅಧಿಕೃತವಾಗಿ ದ್ವಿಭಾಷೆಯದು ನ್ಯೂ ಬ್ರನ್ಸ್‌ವಿಕ್ ಒಂದೇ. ಕ್ವಿಬೆಕ್‌ನ ಅಧಿಕೃತ ಭಾಷೆ ಫ್ರೆಂಚ್ ಮಾತ್ರ; ಆಂಟೇರಿಯೊದಲ್ಲಿ ಇಂಗ್ಲಿಷಿನದೇ ಮೇಲುಗೈ, ಜೊತೆಗೆ ಕೆಲವು ಸೇವೆಗಳು ಫ್ರೆಂಚಿನಲ್ಲಿ ದೊರೆಯುತ್ತವೆ.

ಮೊದಲು ಶಾಲೆಯ ಮಾತು. 1977ರ ಫ್ರೆಂಚ್ ಭಾಷಾ ಸನ್ನದಿನ ಪ್ರಕಾರ, ಜನ ಇಂದಿಗೂ ಮಸೂದೆ 101 ಎಂದೇ ಕರೆಯುವ ಕಾನೂನಿನ ಪ್ರಕಾರ, ಕ್ವಿಬೆಕ್‌ನಲ್ಲಿ ನೆಲೆಸಿದ ವಲಸಿಗರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ತಂದೆ ಅಥವಾ ತಾಯಿ ಕೆನಡಾದೊಳಗೆ ಪ್ರಾಥಮಿಕ ಶಿಕ್ಷಣದ ಬಹುಭಾಗವನ್ನು ಇಂಗ್ಲಿಷಿನಲ್ಲಿ ಪಡೆದಿದ್ದರೆ ಮಕ್ಕಳಿಗೆ ವಿನಾಯಿತಿ ಇದೆ. ಬೆಂಗಳೂರಿನ ಕಾನ್ವೆಂಟಿನ ಪ್ರಮಾಣಪತ್ರ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಾತ್ಕಾಲಿಕ ಕೆಲಸದ ಅಥವಾ ಓದಿನ ಪರವಾನಗಿಯ ಮೇಲೆ ಬಂದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಸೇರಲು ಅನುಮತಿ ಪಡೆಯಬಹುದಾದರೂ, 2022ರ ತಿದ್ದುಪಡಿಯ (ಮಸೂದೆ 96) ನಂತರ ಅದು ಗರಿಷ್ಠ ಮೂರು ವರ್ಷಕ್ಕೆ ಸೀಮಿತವಾಗಿದೆ, ನವೀಕರಣವಿಲ್ಲ. ಆರನೆಯ ತರಗತಿಯಲ್ಲಿ ಒಮ್ಮೆಲೇ ಭಾಷೆ ಬದಲಾಗುವುದಕ್ಕಿಂತ ಒಂದನೆಯ ತರಗತಿಯಲ್ಲೇ ಬದಲಾಗುವುದು ಮಗುವಿಗೆ ಹಗುರವೆಂಬುದು ನಮ್ಮ ಅಭಿಪ್ರಾಯ.

ಒಟ್ಟಾವದ ಕಡೆ ಸಾರ್ವಜನಿಕ ಹಣದಿಂದ ನಡೆಯುವ ನಾಲ್ಕು ಶಾಲಾ ಮಂಡಳಿಗಳಿವೆ: ಇಂಗ್ಲಿಷಿನಲ್ಲಿ ಎರಡು, ಫ್ರೆಂಚಿನಲ್ಲಿ ಎರಡು, ಒಂದೊಂದರಲ್ಲೂ ಕ್ಯಾಥೊಲಿಕ್ ಮಂಡಳಿ ಒಂದು. ಇಂಗ್ಲಿಷ್ ಮಂಡಳಿಯ ಫ್ರೆಂಚ್ ಇಮ್ಮರ್ಷನ್ (ಹಲವು ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ) ತರಗತಿ ಬೇರೆ, ಫ್ರೆಂಚ್ ಮಂಡಳಿಯ ಶಾಲೆ ಬೇರೆ. ನಮ್ಮವರು ಇವೆರಡನ್ನೂ ಒಂದೇ ಎಂದು ತಿಳಿದು ಅರ್ಜಿ ಹಾಕುವುದುಂಟು. ಎರಡನೆಯದು ಮೂಲತಃ ಫ್ರೆಂಚ್ ಅಲ್ಪಸಂಖ್ಯಾತರ ಹಕ್ಕಿನ ಶಾಲೆಯಾದ್ದರಿಂದ, ಸಂವಿಧಾನ ಕೊಟ್ಟ ಆ ಹಕ್ಕು ಇಲ್ಲದ ಕುಟುಂಬಗಳ ಮಕ್ಕಳನ್ನು ಪ್ರವೇಶ ಸಮಿತಿಯ ಮೂಲಕ ಸೇರಿಸಿಕೊಳ್ಳಲಾಗುತ್ತದೆ.

ಈ ಹಕ್ಕಿನ ಬಗ್ಗೆ ಇಲ್ಲಿನ ಫ್ರೆಂಚರು ಅಷ್ಟು ಬಿಗಿಯಾಗಿರುವುದಕ್ಕೆ ಕಾರಣ ಇದೇ ಊರಿನಲ್ಲಿದೆ. 1912ರಲ್ಲಿ ಆಂಟೇರಿಯೊ ಸರ್ಕಾರ 17ನೆಯ ನಿಯಮವೆಂಬ ಆದೇಶದಿಂದ, ಮೊದಲೆರಡು ವರ್ಷಗಳ ನಂತರ ಫ್ರೆಂಚಿನಲ್ಲಿ ಕಲಿಸುವುದನ್ನು ನಿರ್ಬಂಧಿಸಿತು. ಒಟ್ಟಾವದ ಮರ್ರೆ ಬೀದಿಯ ಗೀಗ್ ಶಾಲೆಯಲ್ಲಿ ಇಬ್ಬರು ಶಿಕ್ಷಕಿಯರು ಆದೇಶವನ್ನು ಧಿಕ್ಕರಿಸಿ ಪಾಠ ಮುಂದುವರಿಸಿದರು. 1916ರ ಜನವರಿಯಲ್ಲಿ ತಾಯಂದಿರು ಟೋಪಿಗೆ ಸಿಕ್ಕಿಸುವ ಉದ್ದನೆಯ ಪಿನ್ನುಗಳನ್ನು ಹಿಡಿದು ಶಾಲೆಯ ಬಾಗಿಲು ಕಾದರು. 1997ರಲ್ಲಿ ಫ್ರೆಂಚಿನಲ್ಲಿ ಸೇವೆ ಕೊಡುವ ಮಾಂಟ್‌ಫೋರ್ಟ್ ಆಸ್ಪತ್ರೆಯನ್ನು ಮುಚ್ಚುವ ಪ್ರಸ್ತಾಪ ಬಂದಾಗ ಸಾವಿರಾರು ಜನ ಸೇರಿ ಪ್ರತಿಭಟಿಸಿದರು, ಪ್ರಕರಣ ಮೇಲ್ಮನವಿ ನ್ಯಾಯಾಲಯದವರೆಗೆ ಹೋಗಿ 2001ರಲ್ಲಿ ಆಸ್ಪತ್ರೆ ಉಳಿಯಿತು. ಕ್ವಿಬೆಕ್‌ನ ನೋವು ಇನ್ನೊಂದು ಬಗೆಯದು. 1963ರಲ್ಲಿ ನೇಮಕವಾದ ದ್ವಿಭಾಷಾ ಆಯೋಗವು ಅಲ್ಲಿನ ಪುರುಷರ ಗಳಿಕೆಯನ್ನು ಮೂಲದ ಪ್ರಕಾರ ಹೋಲಿಸಿದಾಗ, ಬಹುಸಂಖ್ಯಾತರಾದ ಫ್ರೆಂಚ್ ಮೂಲದವರು 14 ಗುಂಪುಗಳಲ್ಲಿ 12ನೆಯ ಸ್ಥಾನದಲ್ಲಿದ್ದರು. ತಮ್ಮ ನೆಲದಲ್ಲೇ ಕೆಲಸಕ್ಕಾಗಿ ಇನ್ನೊಬ್ಬರ ಭಾಷೆಗೆ ಬಾಗಬೇಕಾದವರ ಸಿಟ್ಟು ಮಸೂದೆ 101ರ ಹಿಂದಿದೆ.

ಇಂಗ್ಲಿಷರ ದೂರೂ ಪೊಳ್ಳಲ್ಲ. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಸುಮಾರು ಹತ್ತರಲ್ಲಿ ನಾಲ್ಕು ದ್ವಿಭಾಷಾ ಹುದ್ದೆಗಳು. ಓದು, ಬರಹ, ಮಾತು ಮೂರಕ್ಕೂ ಎ, ಬಿ, ಸಿ ಎಂಬ ಮಟ್ಟಗಳಿದ್ದು, ಬಡ್ತಿಯ ಹೊತ್ತಿಗೆ ಮಾತಿನ ಪರೀಕ್ಷೆಯೇ ಅನೇಕರಿಗೆ ಗೋಡೆಯಾಗುತ್ತದೆ. ಅದನ್ನು ದಾಟಿದವರಿಗೆ ಸಿಗುವ ಭತ್ಯೆ ವರ್ಷಕ್ಕೆ 800 ಡಾಲರ್, 1977ರಿಂದ ಒಂದು ಕಾಸೂ ಏರಿಲ್ಲ. ಫ್ರೆಂಚ್ ಸಹೋದ್ಯೋಗಿಗಳನ್ನು ಕೇಳಿದರೆ ಕತೆ ತಿರುಗುಮುರುಗು: ಹತ್ತು ಜನರ ಸಭೆಯಲ್ಲಿ ಫ್ರೆಂಚ್ ಬಾರದ ಒಬ್ಬರಿದ್ದರೂ ಸಭೆ ಇಂಗ್ಲಿಷಿಗೆ ಹೊರಳುತ್ತದೆ, ಹೀಗಾಗಿ ಎರಡು ಭಾಷೆಯ ಭಾರ ಹೊರುವವರು ಯಾವಾಗಲೂ ತಾವೇ ಎನ್ನುತ್ತಾರೆ. ಕೆನಡಾದಲ್ಲಿ ಮೊದಲ ಅಧಿಕೃತ ಭಾಷೆ ಫ್ರೆಂಚ್ ಆಗಿರುವವರ ಪಾಲು 2016ರಲ್ಲಿ ಶೇ. 22.2 ಇದ್ದದ್ದು 2021ರಲ್ಲಿ ಶೇ. 21.4ಕ್ಕೆ ಇಳಿದಿದೆ ಎಂಬ ಲೆಕ್ಕವೂ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ನಮಗೆ ಬರುವುದು ಇಂಗ್ಲಿಷ್ ಆದ್ದರಿಂದ, ಅದು ಯಾರ ಪಕ್ಷವೂ ಅಲ್ಲದ ಭಾಷೆ, ಫ್ರೆಂಚರದು ಮಾತ್ರ ಹಟ ಎಂದು ನಮ್ಮವರು ಬೇಗನೆ ತೀರ್ಮಾನಕ್ಕೆ ಬರುತ್ತಾರೆ. ಬೆಂಗಳೂರಿನ ಬ್ಯಾಂಕ್ ಕೌಂಟರಿನಲ್ಲಿ ಹಿಂದಿಯಲ್ಲಿ ಉತ್ತರ ಬಂದಾಗ ಸಿಡಿಮಿಡಿಗೊಂಡವರು, ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕೆಂಬ 2024ರ ತಿದ್ದುಪಡಿಯನ್ನು ಸ್ವಾಗತಿಸಿದವರು, ಗಾಟಿನೋದ ಅಂಗಡಿ ಫಲಕದಲ್ಲಿ ಫ್ರೆಂಚ್ ಎರಡು ಪಟ್ಟು ದೊಡ್ಡದಾಗಿರುವುದನ್ನು ಕಂಡು ನಗುವುದು ಸರಿಯಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಲೂ ಆಗದು. ಕರ್ನಾಟಕದಲ್ಲಿ ನಾವು ನೆಲದವರು, ಇಲ್ಲಿ ನಾವು ನಿನ್ನೆ ಬಂದವರು. ಆದ್ದರಿಂದ ಕಚೇರಿಯ ಊಟದ ಹೊತ್ತಿನ ಭಾಷಾ ಜಗಳದಲ್ಲಿ ತೀರ್ಪು ಕೊಡಲು ಹೋಗಬೇಡಿ. ಒಟ್ಟಾವದ ಕೇಂದ್ರ ಕಚೇರಿಗಳಲ್ಲಿ ಸಿಬ್ಬಂದಿ “ಹಲೋ, ಬೊಂಜೂರ್” ಎಂದರೆ ನೀವು ಇಂಗ್ಲಿಷಿನಲ್ಲಿ ಮುಂದುವರಿಯಬಹುದು, ಅದು ನಿಮ್ಮ ಹಕ್ಕು. ಗಾಟಿನೋದ ಅಂಗಡಿಯಲ್ಲಿ ಮಾತ್ರ ಮೊದಲು ನೀವೇ “ಬೊಂಜೂರ್” ಎನ್ನಿ. ಆಮೇಲೆ ಎದುರಿನವರೇ ಇಂಗ್ಲಿಷಿಗೆ ಬರುವುದು ಹೆಚ್ಚು.

ಕಾಯಂ ನಿವಾಸದ ಯೋಚನೆಯಿರುವವರು ಇನ್ನೊಂದನ್ನು ಗಮನಿಸಬೇಕು. ಅಂಕಗಳ ಆಧಾರದ ಮೇಲೆ ವಲಸಿಗರನ್ನು ಆರಿಸುವ ಕೇಂದ್ರದ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿ ಇರುವುದು ಕ್ವಿಬೆಕ್‌ನ ಹೊರಗೆ ನೆಲೆಸುವ ಉದ್ದೇಶವಿರುವವರಿಗೆ. ಕ್ವಿಬೆಕ್ ತನ್ನ ಆರ್ಥಿಕ ವಲಸಿಗರನ್ನು ತಾನೇ ಆರಿಸಿಕೊಳ್ಳುತ್ತದೆ. 2023ರಿಂದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಸುತ್ತುಗಳು ನಡೆಯುತ್ತಿದ್ದು, ಅವುಗಳ ಕಟ್‌ಆಫ್ ಹಲವು ಬಾರಿ ಇತರ ಸುತ್ತುಗಳಿಗಿಂತ ನೂರಕ್ಕೂ ಹೆಚ್ಚು ಅಂಕ ಕೆಳಗಿತ್ತು. ಇದನ್ನು ಅನ್ಯಾಯವೆಂದು ಗೊಣಗುವ ಸಮಯದಲ್ಲಿ ಟೆಫ್ ಅಥವಾ ಟಿಸಿಎಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಗೆ ಓದಲಾರಂಭಿಸುವುದು ಲಾಭಕರ.

ಗಾಟಿನೋವನ್ನೇ ಆರಿಸಿಕೊಂಡರೆ, ಬಂದು ಆರು ತಿಂಗಳಾದ ಮೇಲೆ, ಆರೋಗ್ಯ, ಸುರಕ್ಷತೆಯಂಥ ವಿನಾಯಿತಿಗಳನ್ನು ಬಿಟ್ಟು, ಪ್ರಾಂತ್ಯ ಸರ್ಕಾರ ನಿಮ್ಮೊಂದಿಗೆ ಫ್ರೆಂಚಿನಲ್ಲೇ ವ್ಯವಹರಿಸುತ್ತದೆ. ಬಂದ ವಾರವೇ ಸರ್ಕಾರದ ಉಚಿತ ಫ್ರೆಂಚ್ ತರಗತಿಗೆ ಹೆಸರು ಕೊಡಿ. ಕ್ವಿಬೆಕ್‌ನಲ್ಲಿ ಕೇಂದ್ರದ ತೆರಿಗೆ ವಿವರವಲ್ಲದೆ ಪ್ರಾಂತ್ಯದ್ದನ್ನೂ ಪ್ರತ್ಯೇಕವಾಗಿ ಸಲ್ಲಿಸಬೇಕಾದ್ದರಿಂದ, ಅರ್ಥವಾಗದ ಫ್ರೆಂಚ್ ಪತ್ರ ಬಂದರೆ ಪಕ್ಕಕ್ಕಿಡದೆ ಅದೇ ವಾರ ಭಾಷೆ ಬಲ್ಲವರಿಂದ ಓದಿಸಿಕೊಳ್ಳಿ. ಅದರಲ್ಲಿ ಉತ್ತರಿಸಬೇಕಾದ ಗಡುವು ಇರಬಹುದು.